ಬದನೆಕಾಯಿ ಬಣ್ಣದ ಸೀರೆ

ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ನಾನು ಡ್ರಾಯಿಂಗ್ ಮಿಸ್. ಹತ್ತೊಂಬತ್ತು ವರ್ಷವಾಯಿತು. ನಮ್ಮ ಪೀರಿಯಡ್ಡು ಎಲೆ ತುದಿಯ ಉಪ್ಪಿನಕಾಯಿ ಇದ್ದ ಹಾಗೆ. ಇದ್ದರೆ ಚೆಂದ, ಇಲ್ಲದಿದ್ದರೆ ಯಾರೂ ಹಸಿದು ಏಳುವುದಿಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದ ಮಿಸ್ ಬಾಗಿಲಲ್ಲಿ ನಿಂತು, 'ನಿಮ್ ಪೀರಿಯಡ್ ಕೊಡ್ತೀರಾ, ಪೋರ್ಷನ್ ಮುಗ್ದಿಲ್ಲ' ಎನ್ನುತ್ತಾರೆ. ಕೇಳುವುದು ಅವರ ದೊಡ್ಡತನ, ಕೊಡುವುದು ನನ್ನ ಕರ್ಮ. ಅದಕ್ಕೇ ಇರಬೇಕು, ಉಳಿದ ನಲವತ್ತು ನಿಮಿಷದಲ್ಲಿ ನಾನು ಸ್ವಲ್ಪ ಜೋರು. ನನ್ನ ಕ್ಲಾಸಿನಲ್ಲಿ ಆಕಾಶ ನೀಲಿ, ಹುಲ್ಲು ಹಸಿರು, ಮಾತು ಬಂದ್.

ಡ್ರಾಯಿಂಗ್ ರೂಮಿನ ಕಿಟಕಿ ಪಕ್ಕದಲ್ಲಿ ಒಂದು ದೊಡ್ಡ ಚಾರ್ಟು ತೂಗುಹಾಕಿತ್ತು. ಸಿಟಿಯ ಮಧ್ಯದಲ್ಲಿರುವ ಕಲಾ ಮ್ಯೂಸಿಯಮ್ಮಿನವರು ಯಾವುದೋ ಕಾಲದಲ್ಲಿ ಶಾಲೆಗಳಿಗೆಂದು ಅಚ್ಚು ಹಾಕಿಸಿದ್ದ ಚಿತ್ರ. ನಾನು ಕೆಲಸಕ್ಕೆ ಸೇರುವ ಮೊದಲೇ ಅದು ಅಲ್ಲಿತ್ತು. ಫ್ರೇಮಿಗೆ ಕೂರಲಿ ಎಂದು ಯಾರೋ ಕೆಳಗಿನ ಪಟ್ಟಿಯನ್ನು ಕತ್ತರಿಸಿದ್ದರಿಂದ ಚಿತ್ರದ ಹೆಸರೂ ಇರಲಿಲ್ಲ, ಬರೆದವರ ಹೆಸರೂ ಇರಲಿಲ್ಲ. ಕೆರೆ ಏರಿಯ ತುದಿಯಲ್ಲಿ ಒಬ್ಬ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಏರಿಯ ಮೇಲೆ ದನ ಬರುತ್ತಿವೆ. ಹಿಂದೆ ನಾಲ್ಕು ಮನೆ, ತೆಳುನೀಲಿ ಆಕಾಶ. ಹೆಂಗಸು ಉಟ್ಟಿರುವುದು ಹಸಿರು ಸೀರೆ. ಪ್ರತಿ ವರ್ಷ ಏಳನೇ ಕ್ಲಾಸಿನವರಿಗೆ 'ಚಾರ್ಟ್ ನೋಡಿ ಬರೀರಿ' ಎಂದು ಇದನ್ನೇ ಕೊಡುತ್ತಿದ್ದೆ. ಹೆಸರಿಲ್ಲದ ಚಿತ್ರಕ್ಕೆ 'ಬೆಳಗಿನ ಹೊತ್ತು' ಎಂದು ಹೆಸರಿಟ್ಟವಳೂ ನಾನೇ.

ಈಗ ಹೇಳುತ್ತಿರುವುದು ಒಂದು ಹುಡುಗಿಯ ವಿಷಯ. ಆಗ ಅವಳಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು. ನಮ್ಮ ಶಾಲೆಯ ಹಿಂದಿನ ಹಳ್ಳಿಯವಳು. ಹಳ್ಳಿ ಎನ್ನುವುದು ಅಭ್ಯಾಸಬಲದಿಂದ. ಅಲ್ಲಿ ಈಗ ಇರುವುದು ಅಪಾರ್ಟ್‌ಮೆಂಟುಗಳು, ನಡುವೆ ಅಲ್ಲೊಂದು ಇಲ್ಲೊಂದು ಖಾಲಿ ಸೈಟು. ಅವಳ ತಾತ ಜಮೀನಿನಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಕೆಳಗೆ ಕಾರು ನಿಲ್ಲಬೇಕಾದ ಕಡೆ ಮೂರು ಹಸು ಕಟ್ಟಿ, ಬೆಳಗ್ಗೆ ಖಾಲಿ ಸೈಟುಗಳಿಗೆ ಮೇಯಲು ಬಿಡುತ್ತಿದ್ದರು. ಮೇಲಿನ ಮನೆಯ ಬಾಡಿಗೆದಾರರು ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ, ಅದೇ ಹಸುಗಳ ಹಾಲಿಗೆ ಚೊಂಬು ಹಿಡಿದು ಇಳಿದು ಬರುತ್ತಿದ್ದರು.

ಆ ಹುಡುಗಿಯ ಕೈ ಅಂಥ ಕೈ. ಹೊಗಳುವುದು ನನ್ನ ಸ್ವಭಾವವಲ್ಲ, ಆದರೆ ಇದ್ದದ್ದನ್ನು ಹೇಳಬೇಕಲ್ಲ. ಆರು ಗೆರೆಯಲ್ಲಿ ಕೋಳಿ ಬರೆಯುತ್ತಿದ್ದಳು, ಅದು ಕಾಳು ಹುಡುಕುತ್ತಿದೆಯೋ ಬೆಕ್ಕನ್ನು ಕಂಡಿದೆಯೋ ಗೊತ್ತಾಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅಂಥ ಮಗು ನನ್ನ ಕ್ಲಾಸಿಗೆ ಬಂದಿರಲಿಲ್ಲ. ಒಳಗೊಳಗೇ ಹೆಮ್ಮೆಪಡುತ್ತಿದ್ದೆ, ಹೊರಗೆ ಮಾತ್ರ 'ಪರವಾಗಿಲ್ಲ' ಎನ್ನುತ್ತಿದ್ದೆ. ಮಕ್ಕಳನ್ನು ಮೆಚ್ಚಿದರೆ ತಲೆಗೇರುತ್ತದೆ ಎಂದು ನಮಗೆ ನಮ್ಮ ಮೇಷ್ಟ್ರುಗಳು ಕಲಿಸಿದ್ದರು. ಅದನ್ನು ಚಾಚೂ ತಪ್ಪದೆ ಪಾಲಿಸಿದ್ದೆ.

ಜೂನ್ ಕೊನೆಯಲ್ಲಿ ಚಾರ್ಟ್ ನೋಡಿ ಬರೆಯಲು ಕೊಟ್ಟೆ. ಅವಳ ಹಾಳೆ ಬಂತು. ದನ, ಏರಿ, ಹೆಂಗಸು ಎಲ್ಲ ಚಾರ್ಟಿಗಿಂತ ಚೆನ್ನಾಗಿಯೇ ಇತ್ತು. ಆಕಾಶ ಮಾತ್ರ ಹಣ್ಣಾದ ಪರಂಗಿಯ ಬಣ್ಣ, ಹೆಂಗಸಿನ ಸೀರೆ ಬದನೆಕಾಯಿ ಬಣ್ಣ. ನನ್ನ ಮೈ ಉರಿಯಿತು.

'ಇದೇನಮ್ಮ? ಚಾರ್ಟಲ್ಲಿ ಸೀರೆ ಯಾವ ಬಣ್ಣ ಇದೆ?'

'ಅಸಿರು ಮಿಸ್.'

'ನೀನು ಹಾಕಿರೋದೇನು?'

'ಅದು ಸಂಜೆ ಮಿಸ್. ದನ ಮನೆಗೆ ಬತ್ತಾವೆ. ನಮ್ಮಜ್ಜಿ ಅಸಿರು ಸೀರೆ ಉಟ್ಕಂಡು ಸಂಜೆ ಹೊತ್ನಾಗೆ ಆಚೆ ನಿಂತ್ರೆ ಇಂಗೇ ಕಾಣ್ತದೆ. ಬದನೆಕಾಯಿ ತರ.'

ಹುಡುಗರು ಕಿಸಕ್ಕನೆ ನಕ್ಕರು. ನಾನು ಇನ್ನೂ ಸ್ವಲ್ಪ ನಗಿಸೋಣ ಎಂದುಕೊಂಡೆ. ಅದು ನನ್ನ ಕೆಟ್ಟ ಚಟ. ಕ್ಲಾಸಿನ ಕಡೆ ತಿರುಗಿ, 'ಏನ್ರೋ, ಸಂಜೆ ಆದ್ರೆ ಹಸಿರು ಸೀರೆ ಬದನೆಕಾಯಿ ಬಣ್ಣ ಆಗುತ್ತೇನ್ರೋ?' ಎಂದೆ. ನಲವತ್ತು ಮಕ್ಕಳು ಒಂದೇ ರಾಗದಲ್ಲಿ, 'ಇಲ್ಲಾ ಮಿಸ್!' ಎಂದರು. ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ 'ಬಣ್ಣ ತಪ್ಪು' ಎಂದು ಬರೆದು 'ಸಿ' ಗ್ರೇಡು ಕೊಟ್ಟೆ. ಹುಡುಗಿ ಹಾಳೆ ತೆಗೆದುಕೊಂಡು ಜಾಗಕ್ಕೆ ಹೋಗಿ ಕೂತಳು. ಅಳಲಿಲ್ಲ.

ಆಮೇಲೆ ಶುರುವಾಯಿತು. ಯಾವ ಚಿತ್ರ ಕೊಟ್ಟರೂ ಗೆರೆ ಎಳೆದು ಮುಗಿಸಿ ನನ್ನ ಟೇಬಲ್ಲಿನ ಹತ್ತಿರ ಬರುತ್ತಿದ್ದಳು. 'ಮಿಸ್, ಇದ್ಕೆ ಯಾವ ಬಣ್ಣ?' ಎಲೆಗೆ ಯಾವ ಬಣ್ಣ, ಕಾಗೆಗೆ ಯಾವ ಬಣ್ಣ, ಮಡಕೆಗೆ ಯಾವ ಬಣ್ಣ. ನಾನು ಹೇಳಿದ ಬಣ್ಣವನ್ನು ಹೇಳಿದ ಹಾಗೇ ಬಳಿಯುತ್ತಿದ್ದಳು, ಅದರಲ್ಲಿ ಒಂದು ತೊಟ್ಟು ಜೀವವಿರುತ್ತಿರಲಿಲ್ಲ. ತಾನಾಗಿ ಏನನ್ನೂ ಬರೆಯುತ್ತಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇರುತ್ತಿದ್ದ ಕೋಳಿಗಳೂ ನಿಂತುಹೋದವು. ನನ್ನನ್ನು ಅಣಕಿಸುತ್ತಿದ್ದಾಳೆ ಎಂದೇ ನಾನು ತಿಳಿದೆ. 'ಏನು ಹಟ ನೋಡಿ, ಒಂದು ಸಿ ಗ್ರೇಡಿಗೆ ಇಷ್ಟು ಕೋಪ' ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಆದರೂ ರಾತ್ರಿ ಮತ್ತಿಕೆರೆಯ ಮನೆಯಲ್ಲಿ ಚಪಾತಿ ಲಟ್ಟಿಸುವಾಗ ಆ ಹುಡುಗಿಯೇ ನೆನಪಾಗುತ್ತಿದ್ದಳು. ಹೀಗೇ ಆದರೆ ಆ ಕೈ ಸತ್ತುಹೋಗುತ್ತದೆ, ಅದು ನನ್ನ ಕ್ಲಾಸಿನಲ್ಲೇ ಸಾಯುತ್ತದೆ ಎಂಬ ಹೆದರಿಕೆ. ಏನಾದರೂ ಮಾಡಬೇಕಿತ್ತು. ಕ್ಷಮೆ ಕೇಳುವುದೊಂದನ್ನು ಬಿಟ್ಟು ಬೇರೆ ಏನಾದರೂ.

ಹಾಗೆ ಹೊಳೆದದ್ದು ಮ್ಯೂಸಿಯಮ್ಮು. ನಮ್ಮ ಶಾಲೆಯ ಫೀಲ್ಡ್ ಟ್ರಿಪ್ ಎಂದರೆ ಬಿಸ್ಕತ್ ಫ್ಯಾಕ್ಟರಿ, ಇಲ್ಲವೇ ವಾಟರ್ ಪಾರ್ಕು. ಚಿತ್ರ ನೋಡಲು ಯಾರೂ ಯಾರನ್ನೂ ಕರೆದುಕೊಂಡು ಹೋದದ್ದಿಲ್ಲ. ಒಳ್ಳೆಯ ಚಿತ್ರಗಳನ್ನು ನೋಡಿದರೆ ಹುಡುಗಿಯ ಹಟ ಇಳಿಯಬಹುದು, ಚಾರ್ಟಿನ ಮೂಲ ಚಿತ್ರವೂ ಅಲ್ಲೇ ಇದೆ, ಹಸಿರು ಸೀರೆಯನ್ನು ಅವಳ ಕಣ್ಣಿಗೇ ತೋರಿಸಿ ಬಾಯಿ ಮುಚ್ಚಿಸಬಹುದು. ಹೌದು, ಅದೂ ನನ್ನ ಲೆಕ್ಕದಲ್ಲಿತ್ತು. ಇಲ್ಲಿ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಬೆಂಗಳೂರಿನಲ್ಲೇ ಆದರೂ ನಾನು ಆ ಮ್ಯೂಸಿಯಮ್ಮಿನ ಒಳಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಡ್ರಾಯಿಂಗ್ ಹೈಯರ್ ಪರೀಕ್ಷೆ ಪಾಸಾದದ್ದು ಪುಸ್ತಕದ ಪಟ ನೋಡಿ, ಪಾಠ ಮಾಡಿದ್ದು ಚಾರ್ಟ್ ನೋಡಿ. ಮೊಬೈಲಿನಲ್ಲಿ ಹುಡುಕಿದ್ದರೂ ಸಾಕಿತ್ತೋ ಏನೋ. ಆದರೆ ಗೊತ್ತಿದೆ ಎಂದುಕೊಂಡದ್ದನ್ನು ಯಾರು ಹುಡುಕುತ್ತಾರೆ?

ಹೆಡ್‌ಮಿಸ್ಟ್ರೆಸ್ ಕನ್ನಡಕ ಇಳಿಸಿ ನೋಡಿದರು. 'ಔಟ್‌ಕಮ್ ಏನ್ ಮಿಸ್ ಇದ್ರದ್ದು? ಪೇರೆಂಟ್ಸ್ ಕೇಳ್ತಾರೆ. ಪ್ರತಿ ಮಗು ಹತ್ತು ಪುಟ ರಿಪೋರ್ಟ್ ಕೊಡ್ಬೇಕು. ಈಗ್ಲೇ ಫಾರ್ಮ್ಯಾಟ್ ರೆಡಿ ಮಾಡಿ.' ಕೂಸು ಹುಟ್ಟುವ ಮುಂಚೆಯೇ ಕುಲಾವಿ. ಆಗಲಿ ಎಂದೆ. ಪ್ರತಿ ಚಿತ್ರದ ಪಕ್ಕದ ಚೀಟಿಯಲ್ಲಿ ಇರುವುದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು ಎಂದು ಮಕ್ಕಳಿಗೆ ಹೇಳಿದೆ. ವಾಟ್ಸಾಪ್ ಗ್ರೂಪಿನಲ್ಲಿ ಅಮ್ಮಂದಿರು, 'ಮಿಸ್, ಲಂಚಿಗೆ ಏನ್ ಕಳಿಸ್ಲಿ?' ಎಂದು ಕೇಳಿದ್ದೇ ಕೇಳಿದ್ದು. ಎಲ್ಲರಿಗೂ 'ಚಿತ್ರಾನ್ನ, ಮೊಸರು ಬೇಡ' ಎಂದು ಬರೆದೆ. ನವೆಂಬರ್ ತಿಂಗಳ ಒಂದು ಬುಧವಾರ ಶಾಲೆಯ ಹಳದಿ ಬಸ್ಸಿನಲ್ಲಿ ಹೊರಟೆವು. ನಲವತ್ತೊಂದು ಮಕ್ಕಳು, ನಾನು, ಒಬ್ಬರು ಆಯಮ್ಮ.

ಹಳೆಯ ಬಂಗಲೆ, ಸುತ್ತ ದೊಡ್ಡ ದೊಡ್ಡ ಮಳೆಮರಗಳು. ಒಳಗೆ ಕಾಲಿಟ್ಟ ಕೂಡಲೇ ಮೊದಲ ಹಾಲಿನಲ್ಲಿ ಚಿನ್ನದ ರೇಕು ಹಚ್ಚಿದ ದೇವರ ಪಟಗಳು. ದಿನವಿಡೀ ಕಾಗೆ ಗೂಡಿನ ಹಾಗೆ ಗದ್ದಲ ಮಾಡುವ ಮಕ್ಕಳು ಗಕ್ಕನೆ ನಿಂತರು. 'ಮಿಸ್, ಶೂ ಬಿಚ್ಬೇಕಾ?' ಎಂದು ಒಬ್ಬ ಪಿಸುಗುಟ್ಟಿದ. ನಾನು ಬೇಡ ಎನ್ನುವಷ್ಟರಲ್ಲಿ ಅರ್ಧ ಮಕ್ಕಳು ಬಿಚ್ಚಿಯೇ ಬಿಟ್ಟಿದ್ದರು. ಗದರಲು ಬಾಯಿ ತೆರೆದೆ, ಆದರೆ ನನ್ನ ಕೈಯೂ ಮುಗಿದುಕೊಂಡಿತ್ತು. ಭಕ್ತಿಗಲ್ಲ. ಅಥವಾ ಅದೂ ಒಂದು ಭಕ್ತಿಯೇ. ಪುಸ್ತಕದಲ್ಲಿ ಚಪ್ಪಟೆ ಹಳದಿಯಾಗಿ ಕಂಡಿದ್ದ ಚಿನ್ನ ಇಲ್ಲಿ ಉಬ್ಬಿ ನಿಂತಿತ್ತು. ನಾವು ಒಂದು ಹೆಜ್ಜೆ ಸರಿದರೆ ಅದರ ಬೆಳಕೂ ಸರಿಯುತ್ತಿತ್ತು. ಇದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಐವತ್ತು ವರ್ಷದ ಹೆಂಗಸು ಗೋಡೆಯ ಮುಂದೆ ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಒಂದು ಹೆಜ್ಜೆ ಇಟ್ಟುಕೊಂಡು ನಿಂತಿದ್ದೆ. ಆಯಮ್ಮ ಗಾಬರಿಯಾಗಿ, 'ಯಾಕ್ ಮಿಸ್, ತಲೆ ಸುತ್ತುತ್ತಾ?' ಎಂದು ಕೇಳಿದರು.

ಎರಡನೇ ಹಾಲಿನಲ್ಲಿ ಎಣ್ಣೆ ಬಣ್ಣದ ಚಿತ್ರಗಳು. ಬಣ್ಣಕ್ಕೆ ದಪ್ಪ ಇರುತ್ತದೆ ಎಂದು ನನಗೆ ಗೊತ್ತಿತ್ತು, ಕಂಡಿರಲಿಲ್ಲ. ಒಂದು ಮಾವಿನಹಣ್ಣಿನ ಮೇಲೆ ಬೆರಳು ಅಗಲದ ಹಳದಿ ಮುದ್ದೆ ಕೂತಿತ್ತು, ಅದರಲ್ಲಿ ಬ್ರಷ್ಷಿನ ಕೂದಲು ಎಳೆದ ಗೀರು ಹಾಗೇ ಇತ್ತು. ಬರೆದ ಮನುಷ್ಯ ಈಗ ತಾನೇ ಕೈ ತೊಳೆಯಲು ಎದ್ದು ಹೋದ ಹಾಗೆ. ಮಕ್ಕಳಿಗೆ ಹೇಳೋಣವೆಂದು ತಿರುಗಿ ನೋಡಿದರೆ ಒಬ್ಬರೂ ಚಿತ್ರದ ಕಡೆ ಇಲ್ಲ. ನಲವತ್ತೊಂದು ತಲೆಗಳು ಗೋಡೆಯ ಚೀಟಿಗಳ ಮುಂದೆ ಬಗ್ಗಿವೆ, ಸರಸರ ಬರೆದುಕೊಳ್ಳುತ್ತಿವೆ. 'ಏ, ಸರಿಯೋ, ಸೈಜ್ ಕಾಣ್ತಿಲ್ಲ.' 'ಕ್ಯಾನ್ವಾಸ್ ಸ್ಪೆಲಿಂಗ್ ಏನೋ ಮಗಾ?' ಒಂದು ಚೀಟಿ ಮುಗಿದ ಕೂಡಲೇ ಓಡಿಹೋಗಿ ಮುಂದಿನ ಚೀಟಿ.

ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲಿನ ಹೆಂಗಸೊಬ್ಬರು ಕೂತಿದ್ದರು. ನಾಗಸಂದ್ರದಿಂದ ದಿನಾ ಮೆಟ್ರೋದಲ್ಲಿ ಬರುತ್ತಾರಂತೆ. ನನ್ನ ಮುಖ ನೋಡಿ ನಕ್ಕರು. 'ಎಲ್ಲಾ ಸ್ಕೂಲಿನವ್ರೂ ಇಂಗೇಯ ಮೇಡಂ. ಚೀಟಿ ಬರ್ಕೊಂಡ್ ಹೋಗ್ತವೆ. ತಲೆ ಎತ್ತಿದ್ ಮಗೂನ ನಾನಿನ್ನೂ ನೋಡಿಲ್ಲ.' ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಅಂದುಕೊಂಡೆ. ಬರೆದುಕೊಳ್ಳಿ ಎಂದವಳು ನಾನೇ ತಾನೇ.

ಆಮೇಲೆ ಮೂರನೇ ಹಾಲು. ಬಾಗಿಲು ದಾಟಿ ತಲೆ ಎತ್ತಿದೆ, ಎದುರಿನ ಗೋಡೆಯಲ್ಲಿ ನಮ್ಮ ಚಾರ್ಟು.

ಚಾರ್ಟಲ್ಲ, ಚಿತ್ರ. ನಮ್ಮ ಮಕ್ಕಳು ನಾಲ್ವರು ಕೈ ಚಾಚಿ ನಿಂತರೂ ತುಂಬದಷ್ಟು ಅಗಲ. ಆಕಾಶ ಹಣ್ಣಾದ ಪರಂಗಿಯ ಬಣ್ಣ. ದನಗಳ ಕಾಲಿನಿಂದ ಎದ್ದ ಧೂಳಿನ ಕಣಕಣಕ್ಕೂ ಬೆಳಕು ತಾಗಿತ್ತು. ದೂರದ ಮನೆಯ ಬಾಗಿಲಲ್ಲಿ ಒಂದು ದೀಪದ ಚುಕ್ಕೆ. ಚಾರ್ಟಿನಲ್ಲಿ ಬಿಳಿ ಕಲೆಯಾಗಿ ಕಾಣುತ್ತಿದ್ದ ಅದನ್ನು ನಾನು ಅಚ್ಚಿನ ದೋಷ ಎಂದು ಹೇಳಿಕೊಡುತ್ತಿದ್ದೆ. ಹೆಂಗಸು ನಿಂತಿದ್ದಳು, ಸೊಂಟಕ್ಕೆ ಕೈ ಕೊಟ್ಟು. ಸೀರೆ ಬದನೆಕಾಯಿ ಬಣ್ಣ. ಒಂದೇ ಬಣ್ಣವೂ ಅಲ್ಲ. ಬೆಳಕು ಬಿದ್ದ ಕಡೆ ಬದನೆಕಾಯಿ, ಸೆರಗಿನ ಮಡಿಕೆಯ ಒಳಗೆ, ಬೆಳಕು ತಾಗದ ಸಂದಿಯಲ್ಲಿ, ಒಂದು ಬೆರಳಿನಷ್ಟು ಅಚ್ಚ ಹಸಿರು.

ಚೀಟಿ ಓದಿದೆ. 'ಹಸಿರು ಸೀರೆ, ಸಂಜೆ. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ.'

ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಓಡಿಹೋಗುವುದು ಕೆಂಪು. ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರು ಒಂದೇ ಬೇಸಿಗೆಯಲ್ಲಿ ನೀಲಿಗಟ್ಟುವುದನ್ನು ಮತ್ತಿಕೆರೆಯ ಪ್ರತಿ ತಿರುವಿನಲ್ಲಿ ನೋಡಿದವಳು ನಾನು. ಕಿಟಕಿ ಪಕ್ಕದಲ್ಲಿ ಅಷ್ಟು ವರ್ಷ ಬಿಸಿಲು ತಿಂದ ಚಾರ್ಟಿನಿಂದ ಕೆಂಪೆಲ್ಲ ಹೋಗಿ, ಹಳದಿಯೂ ಮುಕ್ಕಾಲು ಮಾಸಿ, ಸಂಜೆ ಬೆಳಗಾಗಿ, ಹಸಿರೊಂದು ಉಳಿದಿತ್ತು. ಬಣ್ಣ ಹೋದ ಕಾಗದ ನೋಡಿಕೊಂಡು ಒಂದು ಮಗುವಿನ ಬಣ್ಣ ತಪ್ಪು ಎಂದಿದ್ದೆ.

ಸುತ್ತ ನೋಡಿದೆ. ನಲವತ್ತು ಮಕ್ಕಳು ಚೀಟಿಯ ಮುಂದೆ ಬಗ್ಗಿ 'ಹಸಿರು ಸೀರೆ' ಎಂದು ಬರೆದುಕೊಳ್ಳುತ್ತಿದ್ದರು. ಅವರ ತಲೆಯ ಮೇಲೆ ಒಂದು ಮೊಳ ಎತ್ತರದಲ್ಲಿ ಬದನೆಕಾಯಿ ಬಣ್ಣದ ಸೀರೆ, ಯಾರೂ ನೋಡಲಿಲ್ಲ. ನೋಡುತ್ತಿದ್ದವಳು ಆ ಹುಡುಗಿ ಒಬ್ಬಳೇ. ನೋಟ್‌ಬುಕ್ಕು ಕಂಕುಳಲ್ಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಪ್ಪಾಳೆ ತಟ್ಟಿ, 'ನಡೀರಿ ನಡೀರಿ, ಟೈಮಾಯ್ತು, ಮುಂದಿನ ರೂಮು' ಎಂದೆ. ಕುರಿಗಳನ್ನು ಹೊಡೆದ ಹಾಗೆ ಎಲ್ಲರನ್ನೂ ನಾಲ್ಕನೇ ಹಾಲಿಗೆ ಹೊಡೆದೆ. ಅಲ್ಲಿ ಏನಿತ್ತೋ ದೇವರಾಣೆಗೂ ನೆನಪಿಲ್ಲ. ಗೋಡೆ ನೋಡಿಕೊಂಡು ನಿಂತು, ಯಾರಿಗೂ ಗೊತ್ತಾಗಿಲ್ಲ, ಹುಡುಗಿ ಬಾಯಿಬಿಡುವವಳಲ್ಲ, ನಾಳೆ ಆ ಚಾರ್ಟನ್ನು ಸದ್ದಿಲ್ಲದೆ ಇಳಿಸಿಬಿಟ್ಟರಾಯಿತು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕಾವಲಿನ ಹೆಂಗಸು ಬಂದರು.

'ಮೇಡಂ, ನಿಮ್ದೊಂದು ಮಗು ಅಲ್ಲೇ ಉಳ್ಕೊಂಡೈತೆ. ಏನೋ ಮಾಡ್ತೈತೆ, ಬಂದ್ ನೋಡಿ.'

ಹೋದೆ. ಹುಡುಗಿ ಚಿತ್ರದ ಮುಂದೆ ಒಬ್ಬಳೇ ನಿಂತಿದ್ದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಚಿತ್ರ ನೋಡಿದಳು. ಕೈ ಬದಲಿಸಿ ಬಲಗಣ್ಣು ಮುಚ್ಚಿ ನೋಡಿದಳು. ಮತ್ತೆ ಎಡಗಣ್ಣು. ಆಟವಾಡುವ ಮುಖವಾಗಿರಲಿಲ್ಲ ಅದು. ನನ್ನ ಹೆಜ್ಜೆ ಕೇಳಿ ಬೆಚ್ಚಿ ತಿರುಗಿದಳು.

'ಮಿಸ್, ಈ ಸೀರೆ ಯಾವ ಬಣ್ಣ?'

ಐದು ತಿಂಗಳಿಂದ ಕೇಳಿ ಕೇಳಿ ನನ್ನ ರಕ್ತ ಕುದಿಸಿದ್ದ ಅದೇ ಪ್ರಶ್ನೆ. ಮೊದಲ ಸಲ, ಕೇಳುವಾಗಿನ ಅವಳ ಮುಖ ನೋಡಿದೆ. ಅದರಲ್ಲಿ ಅಣಕವಿರಲಿಲ್ಲ.

'ನಿಂಗೆ ಯಾವ ಬಣ್ಣ ಕಾಣ್ತಿದೆ?'

'ನೀವೇ ಏಳಿ ಮಿಸ್.'

'ಬದನೆಕಾಯಿ ಬಣ್ಣ' ಎಂದೆ.

ಅವಳು ತಡೆದಿದ್ದ ಉಸಿರನ್ನು ಬಿಟ್ಟಳು. ಅಷ್ಟು ಹೊತ್ತಿಗೆ ನನಗೆ ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ನಾಲ್ಕನೇ ಹಾಲಿಗೆ ಹೋಗಿ ನಲವತ್ತು ಮಕ್ಕಳನ್ನೂ ವಾಪಸ್ ಕರೆತಂದೆ. ನೋಟ್‌ಬುಕ್ಕು, ಪೆನ್ನು ಎಲ್ಲ ಆಯಮ್ಮನ ಚೀಲಕ್ಕೆ ಹಾಕಿಸಿದೆ. 'ಮಿಸ್, ರಿಪೋರ್ಟು?' ಎಂದು ಒಬ್ಬಳು ಅಳುಮುಖ ಮಾಡಿದಳು. 'ರಿಪೋರ್ಟ್ ಮನೆ ಹಾಳಾಗ್ಲಿ. ಎಲ್ಲಾರೂ ನೆಲದ ಮೇಲೆ ಕೂತ್ಕೊಳ್ಳಿ. ತಲೆ ಎತ್ತಿ.'

ತಲೆ ಎತ್ತಿದರು. ಆಮೇಲೆ ಹಿಂದಿನಿಂದ ಒಂದು ದನಿ, 'ಮಿಸ್! ನಮ್ ಚಾರ್ಟು!' ಇನ್ನೊಂದು ದನಿ, 'ಹಸಿರಿಲ್ಲ ಕಣೋ!' ನಲವತ್ತು ಮುಖಗಳು ಚಿತ್ರದಿಂದ ಹುಡುಗಿಯ ಕಡೆ ತಿರುಗಿ, ಅಲ್ಲಿಂದ ನನ್ನ ಕಡೆ ತಿರುಗಿದವು. ನಾನು ಚಾರ್ಟು, ಕಿಟಕಿ, ಬಿಸಿಲು ಎಂದೆಲ್ಲ ಶುರುಮಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಕೇಳಿಸಿತು ನನಗೇ. ಅರ್ಧಕ್ಕೆ ನಿಲ್ಲಿಸಿ, 'ನಾನು ತಪ್ಪು ಹೇಳ್ಕೊಟ್ಟೆ. ಅವಳು ಸರಿಯಾಗಿ ಹಾಕಿದ್ಲು. ಅವಳನ್ನ ನೋಡಿ ನಗೋ ಹಾಗೆ ಮಾಡಿದ್ದೂ ನಾನೇ' ಎಂದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹೇಳಿದ ಮಾತು ಅದು. ಹುಡುಗಿಗೆ, 'ಇದು ಸಂಜೆ ಅಂತ ನಿಂಗೆ ಹೇಗೆ ಗೊತ್ತಾಯ್ತು? ನಮಗೂ ಹೇಳು' ಎಂದೆ.

ಮೊದಲು ನೆಲ ನೋಡುತ್ತಾ ಮಾತಾಡಿದಳು. 'ಬೆಳಗ್ಗೆ ಮೇಯಕ್ಕೆ ಓಗೋವಾಗ ದನ ಅಲ್ಲಲ್ಲೇ ನಿಂತ್ಕಂಡು, ಬೇಲಿಗೆ ಬಾಯಿ ಆಕ್ಕಂಡು ಓಗ್ತವೆ. ಸಂಜೆ ಕರ ನೆನಪಾಗಿ ಬಿರಬಿರನೆ ಬತ್ತವೆ. ನೋಡಿ, ಮುಂದ್ಲದ್ದು ಕತ್ತು ಮುಂದಕ್ಕೆ ಚಾಚೈತೆ.' ನಾವು ನೋಡಿದೆವು. ಚಾಚಿತ್ತು. 'ಅದ್ರ ಕೆಚ್ಚಲು ತುಂಬೈತೆ, ಕಾಲು ಅಗಲ ಮಾಡ್ಕಂಡ್ ನಡೀತೈತೆ.' ಹೌದು, ಹಾಗೇ ನಡೆಯುತ್ತಿತ್ತು. 'ಆ ಮನೆ ಗೋಡೆ ಹತ್ರ ಚಿಕ್ಕದಾಗಿ ಐತಲ್ಲ, ಅದು ಕರ. ಅಗ್ಗ ಎಳ್ಕಂಡ್ ನಿಂತೈತೆ.' ನಾನು ಅದನ್ನು ಕಲ್ಲು ಎಂದು ಬರೆಸುತ್ತಿದ್ದೆ. 'ಇವ್ಳು ದನ ಕಾಯ್ತಿಲ್ಲ ಮಿಸ್. ದನದ ಇಂದೆ ಯಾರೋ ಬರ್ಬೇಕಿತ್ತು, ಬಂದಿಲ್ಲ. ಅದ್ಕೇ ದನ ಬಿಟ್ಟು ದೂರ ನೋಡ್ತಾವ್ಳೆ.'

ಈಗ ಅವಳು ನೆಲ ನೋಡುತ್ತಿರಲಿಲ್ಲ. ನಮ್ಮ ಕಡೆ ಬೆನ್ನು ಹಾಕಿ ಚಿತ್ರದ ಜೊತೆಯೇ ಮಾತಾಡುತ್ತಿದ್ದಳು. ನಲವತ್ತು ಮಕ್ಕಳು ಮಿಸುಕಾಡದೆ ಕೂತಿದ್ದರು. ಕಾವಲಿನ ಹೆಂಗಸು ಕುರ್ಚಿ ಬಿಟ್ಟು ಬಂದು ಮಕ್ಕಳ ಹಿಂದೆ ನಿಂತಿದ್ದರು. 'ದಿನಾ ಇಲ್ಲೇ ಕೂರ್ತೀನಿ ಕಣಮ್ಮ, ಕರ ಕಂಡಿರ್ಲಿಲ್ಲ ನಂಗೆ' ಎಂದರು. ಸತ್ತು ಎಷ್ಟೋ ಕಾಲವಾದ ಒಬ್ಬ ಚಿತ್ರಕಾರ ಯಾವುದೋ ಏರಿಯ ಮೇಲೆ ನಿಂತು ನೋಡಿದ್ದನ್ನು, ಪಾರ್ಕಿಂಗಿನಲ್ಲಿ ಹಸು ಕಟ್ಟುವ ಮನೆಯ ಈ ಹುಡುಗಿ ಯಾರೂ ಹೇಳಿಕೊಡದೆ ನೋಡಿದ್ದಳು. ಇಬ್ಬರಿಗೂ ಹಸಿರು ಸೀರೆ ಒಂದೇ ಥರ ಕಂಡಿತ್ತು. ಅವರಿಬ್ಬರ ಮಧ್ಯೆ ಕೆಂಪು ಪೆನ್ನು ಹಿಡಿದು ನಿಂತವಳು ನಾನು.

ಮರದ ಕೆಳಗೆ ಚಿತ್ರಾನ್ನ ತಿಂದೆವು. ಊಟವಾದ ಮೇಲೆ ಮಕ್ಕಳು ತಾವಾಗಿಯೇ ಒಳಗೆ ಓಡಿದರು. ಮಾವಿನಹಣ್ಣಿನ ಮುಂದೆ, ಚಿನ್ನದ ಪಟದ ಮುಂದೆ, ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಹಾಕಿ ಕುಣಿದರು. ಹೊರಡುವಾಗ ನಾಲ್ಕೂವರೆ. ಬಸ್ಸಿನಲ್ಲಿ ಹುಡುಗಿಯನ್ನು ಕರೆದು ನನ್ನ ಪಕ್ಕದಲ್ಲಿ, ಕಿಟಕಿಯ ಕಡೆ ಕೂರಿಸಿಕೊಂಡೆ. ನಿಜ ಹೇಳಬೇಕೆಂದರೆ ಆಗ ನನ್ನ ಮೇಲೆ ನನಗೇ ಮೆಚ್ಚುಗೆಯಾಗಿತ್ತು. ನಲವತ್ತು ಜನರ ಮುಂದೆ ತಪ್ಪು ಒಪ್ಪಿಕೊಂಡವಳು, ಎಂಥ ದೊಡ್ಡ ಮನಸ್ಸು. ಅದೇ ಗತ್ತಿನಲ್ಲಿ ಕೇಳಿದೆ, 'ಆಯ್ತಲ್ಲ, ಇನ್ನಾದ್ರೂ ಕೋಪ ಬಿಡ್ತೀಯಾ? ಐದು ತಿಂಗಳು ಹಟ ಮಾಡಿದೆ ನನ್ ಹತ್ರ.'

ಅವಳು ಅರ್ಥವಾಗದವಳ ಹಾಗೆ ನೋಡಿದಳು. 'ಕೋಪ ಇರ್ಲಿಲ್ಲ ಮಿಸ್.'

'ಮತ್ತೆ ಎಲ್ಲಕ್ಕೂ ಯಾವ ಬಣ್ಣ, ಯಾವ ಬಣ್ಣ ಅಂತ ಕೇಳ್ತಿದ್ಯಲ್ಲ?'

'ನೀವ್ ಕೇಳ್ದಾಗ ಎಲ್ಲಾರೂ ಇಲ್ಲ ಅಂದ್ರಲ್ಲ ಮಿಸ್. ನಂಗೊಬ್ಳಿಗೇ ಅಂಗ್ ಕಾಣ್ತದೆ, ನನ್ ಕಣ್ಣೇ ಸರಿ ಇಲ್ಲ ಅನ್ಕಂಡೆ.' ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು. 'ಸ್ಕೂಲಿಗೆ ಕಣ್ಣಿನ್ ಡಾಕ್ಟ್ರು ಬಂದಿದ್ರಲ್ಲ, ಎರಡ್ ಸತಿ ಕ್ಯೂನಾಗ್ ನಿಂತೆ. ಎರಡ್ ಸತೀನೂ ಚೆನ್ನಾಗೈತೆ ಅಂದ್ರು. ಅವ್ರಿಗೂ ಗೊತ್ತಾಗ್ಲಿಲ್ಲ ಅನ್ಕಂಡೆ. ಆಮೇಲೆ ಸಂಜೆ ಹೊತ್ತು ಆಚೆ ಬರೋದೇ ಬಿಟ್ಟೆ ಮಿಸ್. ಅಜ್ಜಿ ಕರುದ್ರೂ ಒಳಗೇ ಇರ್ತಿದ್ದೆ. ನೋಡಿದ್ರೆ ಮತ್ತೆ ಅಂಗೇ ಕಾಣ್ತದಲ್ಲ.'

ಕೋಪ ಮಾಡಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗು ನನ್ನನ್ನು ನಂಬಿತ್ತು. ನನ್ನ ಒಂದು ತಮಾಷೆಯನ್ನು ನಂಬಿ, ತನ್ನ ಕಣ್ಣನ್ನು ಬಿಟ್ಟುಕೊಟ್ಟಿತ್ತು. ಎಷ್ಟು ಸಂಜೆಗಳು ಎಂದು ಲೆಕ್ಕ ಹಾಕಲೂ ಧೈರ್ಯವಾಗಲಿಲ್ಲ. ಅವಳ ಕೈ ಹಿಡಿದುಕೊಂಡು, 'ನಿನ್ ಕಣ್ಣು ಸರಿಯಾಗಿದೆ ಕಣೇ. ನನಗಿಂತ ಸರಿಯಾಗಿದೆ' ಎಂದೆ. ಅಷ್ಟು ಹೇಳುವುದರೊಳಗೆ ಅತ್ತಿದ್ದೆ. ಅವಳೇ ತನ್ನ ಕರ್ಚೀಫು ಕೊಟ್ಟಳು.

ಹೆಬ್ಬಾಳದ ಹತ್ತಿರ ಬಸ್ಸು ನಿಂತಿತು. ಎಂದಿನ ಜಾಮು, ಫ್ಲೈಓವರಿನ ಮೇಲೆ ಮುಂದೆಯೂ ಹಿಂದೆಯೂ ಅಲುಗದ ಗಾಡಿಗಳು. ಮಕ್ಕಳು ಒಟ್ಟಿಗೆ 'ಅಯ್ಯೋ' ಎಂದರು, ಡ್ರೈವರಣ್ಣ ಎಂಜಿನ್ ಆರಿಸಿದರು, ನನ್ನ ಮೊಬೈಲಿನಲ್ಲಿ ಅಮ್ಮಂದಿರ 'ಎಲ್ಲಿದ್ದೀರಾ ಮಿಸ್?' ಒಂದರ ಹಿಂದೊಂದು ಬಂದು ಬೀಳತೊಡಗಿದವು. ಸೂರ್ಯ ಇಳಿಯುತ್ತಿದ್ದ. ಕೆರೆಯ ನೀರು, ಆಚೆಯ ಮರಗಳು, ಮುಂದೆ ನಿಂತ ಬಿಎಂಟಿಸಿ ಬಸ್ಸು, ಎಲ್ಲದರ ಬಣ್ಣ ನಿಮಿಷ ನಿಮಿಷಕ್ಕೂ ಬದಲಾಗುತ್ತಿತ್ತು. ಹುಡುಗಿ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಹಣೆ ಅದಕ್ಕೆ ಒತ್ತಿ, ರೆಪ್ಪೆ ಮಿಟುಕಿಸದೆ ಹೊರಗೆ ನೋಡುತ್ತಿದ್ದಳು. 'ಮಿಸ್, ನೋಡಿ' ಎಂದಳು, ಯಾವುದನ್ನು ಎಂದು ಹೇಳಲಿಲ್ಲ. ಹೆಬ್ಬಾಳದ ಜಾಮಿಗೆ ನಾನು ಹಾಕಿದಷ್ಟು ಶಾಪವನ್ನು ಈ ಊರಿನಲ್ಲಿ ಇನ್ಯಾರೂ ಹಾಕಿರಲಾರರು. ಆ ದಿನ ಮಾತ್ರ, ದೇವರೇ, ಕತ್ತಲಾಗುವವರೆಗೆ ಈ ಬಸ್ಸು ಕದಲದಿರಲಿ ಎಂದು ಬೇಡಿಕೊಂಡೆ.